ನೋವು ಶುರುವಾದಾಗ

೧೯೫೯ರಲ್ಲಿ ಮಜೀದ್ ಯಲಹಂಕದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಬಾಕಿ. ಅದಕ್ಕಾಗಿ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಮುನಿನಾರಾಯಣಪ್ಪ ಮೇಷ್ಟ್ರ ಜಗಲಿಯಲ್ಲಿ ಕೂತು ವಾಕ್ಯಗಳನ್ನು ಬಿಡಿಸುತ್ತಿದ್ದ.

ಅಂದಿನ ಪಾಠ ನಾಮ ಉಪವಾಕ್ಯ. “ಟೆಲ್ ಅಂದ್ರೆ ಹೇಳು. ಏನನ್ನ ಹೇಳು ಅಂತ ಕೇಳ್ಕೊ. ಉತ್ತರವಾಗಿ ಸಿಗೋ ತುಂಡೇ ನಾಮ ಉಪವಾಕ್ಯ. ಟೆಲ್ ಆದ್ಮೇಲೆ ವೆನ್ ಬಂದ್ರೆ ಯಾವಾಗ್ಲೂ ಇದೇ ಕಣಪ್ಪ,” ಎಂದರು ಮೇಷ್ಟ್ರು.

ಅದೇ ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಹೊರಟರು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಅವರಿಗೆ ಕನ್ನಡ ಬಾರದು. ಮೂರನೇ ಹೆರಿಗೆಗೆಂದು ಬಂದಿದ್ದ ಕೃಷ್ಣಮ್ಮನತ್ತ ಕೈ ತೋರಿಸಿ, “ಟೆಲ್ ಮಿ ವೆನ್ ದ ಪೇನ್ಸ್ ಬಿಗಿನ್,” ಎಂದು ಮಜೀದನಿಗೆ ಹೇಳಿಹೋದರು.

ಮಜೀದ್ ಮನಸ್ಸಿನಲ್ಲೇ ವಾಕ್ಯ ಬಿಡಿಸಿದ. ಏನನ್ನು ಹೇಳಬೇಕು? ನೋವು ಯಾವಾಗ ಶುರುವಾಯಿತು ಎಂಬುದನ್ನು. ಕೃಷ್ಣಮ್ಮ ನರಳತೊಡಗಿದಾಗ ಗಡಿಯಾರ ನೋಡಿ ಹೊತ್ತನ್ನು ನೆನಪಿಟ್ಟುಕೊಂಡ. ಡಾಕ್ಟರಮ್ಮ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ. ಅವರು ಬರುವಷ್ಟರಲ್ಲಿ ಆಯಾ ಅಕ್ಕಯ್ಯಮ್ಮನೇ ಹೆರಿಗೆ ಮಾಡಿಸಿಯಾಗಿತ್ತು. ತಾಯಿ, ಮಗು ಚೆನ್ನಾಗಿದ್ದರು. ಆದರೂ ಡಾಕ್ಟರಮ್ಮ, ನನ್ನನ್ನೇಕೆ ಕರೆಯಲಿಲ್ಲ ಎಂದು ಕೇಳಿ, ನಾಳೆಯಿಂದ ಬರಬೇಡ ಎಂದರು.

ಮಜೀದ್ ನೇರ ಮೇಷ್ಟ್ರ ಮನೆಗೆ ಬಂದು ಎಲ್ಲ ಹೇಳಿದ. ಮೇಷ್ಟ್ರು ಆ ವಾಕ್ಯವನ್ನು ಸ್ಲೇಟಿನ ಮೇಲೆ ಬರೆದು ನೋಡಿದರು.

“ನೋವು ಬಂದಾಗ ಹೇಳು ಅನ್ನೋದು ಒಂದು, ಯಾವಾಗ ಬಂತು ಅಂತ ಹೇಳು ಅನ್ನೋದು ಇನ್ನೊಂದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಅದೇ ವಾಕ್ಯ.”

“ಹಂಗಾದ್ರೆ ನಾನು ಬಿಡ್ಸಿದ್ದು ತಪ್ಪಾ ಮೇಷ್ಟ್ರೇ?”

“ಬಿಡ್ಸಿದ್ದು ತಪ್ಪಲ್ಲ. ಯಾರು ಹೇಳ್ತಾವ್ರೆ, ಯಾಕೆ ಹೇಳ್ತಾವ್ರೆ ಅಂತ ನೋಡ್ಬೇಕಿತ್ತು. ಅದನ್ನ ನಾನು ಹೇಳ್ಕೊಡ್ಲಿಲ್ಲ. ನಡಿ.”

ಕೋಟು ತೊಟ್ಟು ಅವನೊಡನೆ ಆಸ್ಪತ್ರೆಗೆ ಹೋದರು. ‘ಯಾವಾಗಲೂ’ ಎಂದು ಕಲಿಸಿದವನು ತಾನೇ ಎಂದು ತಮ್ಮ ನಿಧಾನದ ಇಂಗ್ಲಿಷ್‌ನಲ್ಲಿ ವಿವರಿಸಿದರು. ಡಾಕ್ಟರಮ್ಮ ತಾವಾಡಿದ ವಾಕ್ಯವನ್ನು ಮೆಲ್ಲಗೆ ತಾವೇ ಹೇಳಿಕೊಂಡು ನೋಡಿದರು. ನಗಲಿಲ್ಲ. ‘ನನ್ನನ್ನು ಕರೆ’ ಎನ್ನಬೇಕಿತ್ತು ಎಂದು ಒಪ್ಪಿ, ಮಜೀದನನ್ನು ಕೆಲಸಕ್ಕೆ ಉಳಿಸಿಕೊಂಡರು. ಆಮೇಲೆ, ನನಗೆ ಕನ್ನಡ ಕಲಿಸುತ್ತೀರಾ ಎಂದು ಮೇಷ್ಟ್ರನ್ನು ಕೇಳಿದರು.

ಮರುವಾರ ಡಾಕ್ಟರಮ್ಮ ಜಗಲಿಗೆ ಬಂದಾಗ ಮಜೀದ್ ಸರಿದು ಜಾಗ ಮಾಡಿಕೊಟ್ಟ. ಹೆರಿಗೆಯ ಹೊತ್ತಿನಲ್ಲಿ ಹೆಂಗಸರು ಏನೇನು ಹೇಳುತ್ತಾರೋ ಅದನ್ನು ಮೊದಲು ಕಲಿಸಿ ಎಂದರು ಅವರು. ಮೇಷ್ಟ್ರು ಸಂಕೋಚದಿಂದ ಕೆಮ್ಮಿ, ಒಳಗಿದ್ದ ಹೆಂಡತಿ ಗೌರಮ್ಮನನ್ನು ಕರೆದರು.