ಕಾಫಿಪುಡಿ ಕಲಸಿದ ನೀರು

ವಿಜ್ಞಾನ ಪ್ರದರ್ಶನ ಎಂದರೆ ನನಗೆ ಈಗೀಗ ಆಗುವುದಿಲ್ಲ. ಮಕ್ಕಳದೇನೂ ತಪ್ಪಿಲ್ಲ. ಅವರನ್ನು ಸಾಲಾಗಿ ನಿಲ್ಲಿಸುವ ನಮ್ಮ ಮೇಷ್ಟ್ರುಗಳನ್ನು ಕಂಡರೆ ಹೇಸಿಗೆ.

ಈ ಸಲದ ಜಿಲ್ಲಾ ಪ್ರದರ್ಶನ ಚಿಕ್ಕಬಳ್ಳಾಪುರದಲ್ಲಿ. ಬಾಗಿಲಲ್ಲಿ 'ಜಗತ್ತಿನ ಸವಾಲು, ನಮ್ಮ ಪರಿಹಾರ' ಎಂಬ ಬ್ಯಾನರ್. ಒಳಗೆ ಹಸಿವು, ಬಾಯಾರಿಕೆ, ಬಿಸಿಲು ಎಲ್ಲವೂ ಥರ್ಮಕೋಲಿನಲ್ಲಿ. ಗೌರಿಬಿದನೂರಿನ ಒಂದು ಶಾಲೆಯದೂ ಚಿಂತಾಮಣಿಯ ಒಂದು ಶಾಲೆಯದೂ ಒಂದೇ ಅಣೆಕಟ್ಟು. ಅದೇ ನೀಲಿ ಬಣ್ಣ, ಅದೇ ಮೋಟರು, ದಡದಲ್ಲಿ ಅದೇ ಪ್ಲಾಸ್ಟಿಕ್ ಹಸು. ಒಂದೇ ಅಂಗಡಿಯಿಂದ ತಂದದ್ದು ಎಂದು ಕಣ್ಣಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

ನಾನು ಶಿಡ್ಲಘಟ್ಟದ ನಮ್ಮ ಶಾಲೆಯಿಂದ ಒಂಬತ್ತನೇ ತರಗತಿಯ ಮೆಹ್ವಿಶ್‌ಳನ್ನು ಕರೆದುಕೊಂಡು ಹೋಗಿದ್ದೆ. ಅವಳ ತಂದೆ ಅಮಾನುಲ್ಲಾ ಮನೆ ಪಕ್ಕದಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಗೂಡು ಬೆಂದ ಕಂದು ನೀರು ಸತ್ತ ಹುಳುವಿನ ನಾತ ಹೊತ್ತು ನೇರ ಬೀದಿಯ ಚರಂಡಿಗೆ ಹೋಗುತ್ತದೆ. ಮೆಹ್ವಿಶ್ ಆ ನೀರಿಗೆ ನುಗ್ಗೆಬೀಜದ ಪುಡಿ ಕಲಸಿ, ಕೊಳೆ ತಳಕ್ಕೆ ಕೂತ ಮೇಲೆ ಮರಳು, ಇದ್ದಿಲಿನಲ್ಲಿ ಸೋಸುತ್ತಿದ್ದಳು. ಶಾಲೆಯಲ್ಲಿ ಮಾಡಿದಾಗಲೆಲ್ಲ ನೀರು ತಿಳಿಯಾಗಿತ್ತು. ಅವಳಿಗೆ ಬಹುಮಾನದ ಆಸೆ ಅಷ್ಟಿರಲಿಲ್ಲ. "ಮೊದ್ಲು ಜಿಲ್ಲೇಲಿ ದೊಡ್ಡೋರು ಒಪ್ಲಿ, ಆಮೇಲೆ ನೀರು ಸೋಸೋ ತೊಟ್ಟಿ ಕಟ್ಟಿಸ್ತೀನಿ" ಎಂದು ಅಮಾನುಲ್ಲಾ ಮಾತು ಕೊಟ್ಟಿದ್ದರು. ಅವಳಿಗೆ ಬೇಕಿದ್ದದ್ದು ಆ ತೊಟ್ಟಿ.

ಬೆಳಿಗ್ಗೆ ಅವಳು ಆ ನೀರು ತುಂಬಿ ತಂದಿದ್ದ ಕ್ಯಾನಿನ ಮುಚ್ಚಳ ತೆರೆದದ್ದೇ ತಡ, ಅಕ್ಕಪಕ್ಕದವರು ಮೂಗು ಹಿಡಿದು ಸರಿದರು. ಆ ನಾತದಲ್ಲೇ ಹುಟ್ಟಿ ಬೆಳೆದ ಹುಡುಗಿ, ಯಾಕೆಂದು ಅವಳಿಗೆ ತಿಳಿಯಲೇ ಇಲ್ಲ.

ಮಳಿಗೆಗಳ ಉಸ್ತುವಾರಿ ತಿರುಮಲೇಶ್ ಮೇಷ್ಟ್ರು ಓಡಿ ಬಂದರು. "ಪವಿತ್ರ ಮೇಡಂ, ಮುಖ್ಯ ಅತಿಥಿಗಳು ಬರ್ತಾರೆ. ಈ ಗಬ್ಬು ಹೆಂಗೆ ತಡ್ಕೊಂತಾರೆ?"

"ಕೊಳಕು ನೀರಿನ ಪ್ರಯೋಗ ಸಾರ್. ಪನ್ನೀರು ತರಕ್ಕಾಗುತ್ತಾ?" ಎಂದೆ. ನಗುತ್ತ ಹೋದರು. ಆ ನಗುವನ್ನು ನಾನು ನಂಬಿದೆ.

ನಾವಿಬ್ಬರೂ ಊಟ ಮುಗಿಸಿ ಬರುವಷ್ಟರಲ್ಲಿ ತೀರ್ಪುಗಾರರು ನಮ್ಮ ಮಳಿಗೆಯ ಮುಂದಿದ್ದರು. ಮೆಹ್ವಿಶ್ ಜಾಡಿಗೆ ಪುಡಿ ಹಾಕಿ ಕಲಕಿದಳು, ಚೆನ್ನಾಗಿ ವಿವರಿಸಿದಳು, ಕಾದಳು. ಏನೂ ತಳಕ್ಕೆ ಕೂರಲಿಲ್ಲ. ಸೋಸಿದರೂ ಕಂದು ನೀರೇ ಇಳಿಯಿತು. ಅವಳ ದನಿ ಕುಗ್ಗಿತು. ಬಗ್ಗಿ ಜಾಡಿ ಮೂಸಿದಳು.

"ಮಿಸ್, ಇದು ನಮ್ ನೀರಲ್ಲ. ಕಾಫಿ ವಾಸನೆ ಬರ್ತೈತೆ."

ತಿರುಮಲೇಶ್ ಅಲ್ಲೇ ಇದ್ದರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ. "ನಾನೇ ಕಣಮ್ಮ ಬದಲಾಯಿಸ್ದೆ. ಆ ಗಬ್ಬುನೀರು ಚೆಲ್ಲಿ ಇನ್‌ಸ್ಟಂಟ್ ಕಾಫಿಪುಡಿ ಕಲ್ಸಿಟ್ಟೆ. ಕಲರ್ ಒಂದೇ ಅಲ್ವಾ?"

ಕರಗಿದ ಕಾಫಿ ಕೊಳೆಯ ಹಾಗೆ ತಳಕ್ಕೆ ಕೂರುವುದಿಲ್ಲ ಎಂದು ತಿಳಿಯದ ಇವರು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದಾರೆ. ಸಂಜೆಯೊಳಗೆ ಬೇರೆ ನೀರು ತರಿಸುತ್ತೇವೆ ಎಂದು ತೀರ್ಪುಗಾರರನ್ನು ಬೇಡಿಕೊಂಡೆ. "ವರ್ಕ್ ಆಗಿಲ್ಲ ಅಂದ್ರೆ ಆಗಿಲ್ಲ ಮೇಡಂ. ಎಲ್ರಿಗೂ ಒಂದೇ ರೂಲ್ಸು" ಎಂದು ಮುಂದಿನ ಥರ್ಮಕೋಲಿಗೆ ನಡೆದರು. ಅವರ ಬೆನ್ನಿಗೆ ಉಗಿಯಬೇಕು ಅನ್ನಿಸಿತು.

ಮೊದಲ ಬಹುಮಾನ ಗೌರಿಬಿದನೂರಿನ ಅಣೆಕಟ್ಟಿಗೆ, ಎರಡನೆಯದು ಚಿಂತಾಮಣಿಯಿಂದ ಬಂದ ಅದೇ ಅಣೆಕಟ್ಟಿಗೆ. ಮೆಹ್ವಿಶ್‌ಗೆ 'ಅಚ್ಚುಕಟ್ಟಾದ ಮಳಿಗೆ' ಎಂಬ ಪ್ರಮಾಣಪತ್ರ. ರೇಷ್ಮೆ ಶಾಲು ಹೊದ್ದಿದ್ದ ಮುಖ್ಯ ಅತಿಥಿಗಳು ಅದನ್ನು ಕೊಟ್ಟು, "ಕ್ಲೀನಾಗಿ ಇಟ್ಕೊಂಡಿದ್ದೀಯಮ್ಮ" ಎಂದರು.

ಸಂಜೆ ಬಸ್ಸಿನಲ್ಲಿ ಊರಿಗೆ ಬಂದೆವು. ಅವಳನ್ನು ಮನೆಗೆ ಬಿಟ್ಟು, ನಡೆದದ್ದನ್ನೆಲ್ಲ ಅಮಾನುಲ್ಲಾರಿಗೆ ನಾನೇ ಹೇಳಿದೆ.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನಿಮ್ ಮಾತು ನಿಜಾನೇ ಇರ್ಬೋದು ಮಿಸ್. ಆದ್ರೆ ಜಿಲ್ಲೇಲಿ ಆಗಲ್ಲ ಅಂದ್ಮೇಲೆ ತೊಟ್ಟಿ ಹೆಂಗೆ ಕಟ್ಟಿಸ್ಲಿ?" ಎಂದು ಎದ್ದು ಹೋಗಿ, ದಿನವಿಡೀ ಗೂಡು ಬೆಂದ ಬಾಣಲೆಯ ನೀರನ್ನು ಚರಂಡಿಗೆ ಬಿಟ್ಟರು.

ಮೆಹ್ವಿಶ್ ಓಡಿ ಹೋಗಿ ಆ ನೀರಿಗೆ ಜಾಡಿ ಹಿಡಿದಳು. ಪುಡಿ ಹಾಕಿ ಕಲಕಿ ಹೊಸ್ತಿಲ ಮೇಲಿಟ್ಟಳು. ನೊಣ ಮುತ್ತತೊಡಗಿದಾಗ ಆಚೆ ಈಚೆ ನೋಡಿ, ಚೀಲದಿಂದ ಪ್ರಮಾಣಪತ್ರ ತೆಗೆದು ಜಾಡಿಯ ಬಾಯಿಗೆ ಮುಚ್ಚಿದಳು. ಅಷ್ಟಕ್ಕಾದರೂ ಬಂತು ಎಂದುಕೊಂಡೆ.

ಕೊಳೆ ಮೆಲ್ಲಗೆ ತಳಕ್ಕೆ ಇಳಿಯತೊಡಗಿತು. ಅಮಾನುಲ್ಲಾ ಸ್ಟೂಲು ಎಳೆದುಕೊಂಡು ಜಾಡಿಯ ಮುಂದೆ ಕೂತರು.