ಐಬು ಮೊದಲು

ಮಹಾಲಕ್ಷ್ಮಮ್ಮ ಗಂಡ ಚಿಕ್ಕರಂಗಯ್ಯನವರ ಹಣೆಗೆ ನಾಮ ತಿದ್ದುತ್ತಿದ್ದಾಗ ತಮಿಳುನಾಡು ನಂಬರಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಬಂದು ಕೊಟ್ಟಿಗೆಯ ಕಡೆಗೆ ಹಿಂದಕ್ಕೆ ಸರಿಯತೊಡಗಿತು. ಅಂಗಳದಲ್ಲಿ ಕೂತಿದ್ದ ಹೆಂಗಸರ ಅಳು ಗಕ್ಕನೆ ನಿಂತಿತು.

"ಏಯ್, ನಿಲ್ಸಲೇ! ಸಾವಿನ್ ಮನೆ ಕಾಣಾಕಿಲ್ವಾ?" ಎನ್ನುತ್ತ ಮೈದುನ ಪುಟ್ಟರಂಗಯ್ಯ ಓಡಿದ.

ಲಾರಿಯಿಂದ ಇಳಿದವನು ಡೆಂಕಣಿಕೋಟೆಯ ಮುನಿಸಾಮಿ. ಎಷ್ಟೋ ವರ್ಷಗಳಿಂದ ಚಿಕ್ಕರಂಗಯ್ಯನವರ ಹತ್ತಿರ ಎತ್ತು ಕೊಂಡು ಗಡಿಯಾಚೆಗೆ ಸಾಗಿಸಿದವನು. ಈ ಸಲದ ಜೋಡಿಯನ್ನು ಫೋನಿನಲ್ಲೇ ಕೇಳಿ ಒಪ್ಪಿದ್ದ. ಇವತ್ತು ಒಯ್ಯಲು ಬಂದಿದ್ದ. ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಕಂಡವನೇ ತಲೆಯ ಟವಲು ಬಿಚ್ಚಿ ಬಾಯಿಗೆ ಒತ್ತಿಕೊಂಡ.

"ಯಾವಾಗಕ್ಕಾ?"

"ನೆನ್ನೆ ಬೆಳಗಿನ ಜಾವ. ಎದೆ ಉರೀತದೆ ಅಂದ್ರು. ನೀರು ತರೋದ್ರೊಳಗೆ ಹೋಗ್ಬುಟ್ಟಿದ್ರು."

"ಯಮನ್ ಜೊತೆ ಚೌಕಾಸಿ ಮಾಡ್ದೇನೇ ಹೋಗ್ಬುಟ್ಟವ್ನೆ," ಎಂದ ಚೌಡಪ್ಪ. ಹುಲಿಯೂರುದುರ್ಗದ ಸುತ್ತಮುತ್ತ ಚಿಕ್ಕರಂಗಯ್ಯನವರಿಗೆ ಎದುರಾಳಿಯಾಗಿದ್ದ ದಳ್ಳಾಳಿ ಅವನು. "ನಂಬಕ್ಕಾಯ್ತದಾ?"

ಪುಟ್ಟರಂಗಯ್ಯ ಅತ್ತಿಗೆಯನ್ನು ಅಡುಗೆಮನೆಯ ಬಾಗಿಲಿಗೆ ಕರೆದ. "ಅತ್ಗೆ, ಎತ್ತು ಹತ್ಸಿ ಕಳ್ಸ್ಬುಡೋಣ. ಇನ್ಮೇಲೆ ಅವನ್ನ ನೋಡ್ಕೊಳೋರ್ ಯಾರು?"

"ಆ ಸುಳಿ?"

"ನೀನು ಕಂಡೆ, ನಾನು ಕಂಡೆ, ಅಣ್ಣ ಕಂಡ. ಅಣ್ಣ ಹೋದ. ನಾವಿಬ್ರೂ ಬಾಯಿ ಮುಚ್ಕೊಂಡ್ರೆ ಆಯ್ತು. ಅಣ್ಣನ ಎತ್ತು ಅಂದ್ರೆ ಅವ್ನು ಹಲ್ಲೂ ಎಣ್ಸಾಕಿಲ್ಲ."

ಮೊನ್ನೆ ಸಂಜೆ ಎಡಗಡೆಯ ಎತ್ತಿನ ಮೈ ತಿಕ್ಕುವಾಗ ಚಿಕ್ಕರಂಗಯ್ಯನವರ ಕೈ ತಟ್ಟನೆ ನಿಂತಿತ್ತು. ನೊಗ ಉಜ್ಜಿ ಬೋಳಾಗಿದ್ದ ಹೆಗಲಲ್ಲಿ, ತಿಂಗಳು ಗೇಯ್ಮೆ ಇಲ್ಲದ್ದಕ್ಕೆ, ಹೊಸ ಕೂದಲು ಹುಟ್ಟಿತ್ತು. ಹುಟ್ಟಿದ್ದು ಸುರುಳಿ ಸುತ್ತಿಕೊಂಡಿತ್ತು. ಆ ಜಾಗದ ಸುಳಿ ಮನೆಯ ಯಜಮಾನನಿಗೆ ಆಗಿಬರುವುದಿಲ್ಲ ಎಂಬುದು ಗಡಿಯ ಈಚೆಗೂ ಆಚೆಗೂ ಇರುವ ನಂಬಿಕೆ. "ಫೋನಲ್ಲಿ ಹೇಳುವಾಗ ಇದು ಇರ್ಲಿಲ್ಲ ಕಣೇ. ನಾಳೆ ದುರ್ಗಕ್ಕೆ ಹೋಗಿ ಮುನಿಸಾಮಿಗೆ ಫೋನ್ ಮಾಡಿ ಹೇಳ್ಬೇಕು," ಎಂದು ಮಲಗಿದ್ದರು.

*

ಹೆಣ್ಣು ನೋಡಲು ಬಂದ ದಿನ ಚಿಕ್ಕರಂಗಯ್ಯ ಕಾಫಿ ಬರುವ ಮುಂಚೆಯೇ ಬಾಯಿ ತೆರೆದಿದ್ದರು. "ಯಜಮಾನ್ರೆ, ನನ್ ಐಬು ಮೊದ್ಲು ಹೇಳ್ಬುಡ್ತೀನಿ. ನಿದ್ದೇಲಿ ಎತ್ತಿನ ವ್ಯಾಪಾರ ಮಾತಾಡ್ತೀನಿ. ಪಕ್ಕದಲ್ಲಿ ಮಲ್ಗಿರೋರ ಕೈ ಹಿಡ್ಕೊಂಡು ರೇಟು ಕೇಳ್ತೀನಿ."

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು. ಮಾತು ಸುಳ್ಳಾಗಲಿಲ್ಲ. ಎಷ್ಟೋ ರಾತ್ರಿ ಅವಳೇ ನಿದ್ದೆಗಣ್ಣಲ್ಲಿ "ಆಯ್ತು ಬುಡಿ, ಕೊಟ್ಟೆ" ಎಂದು ಮಗ್ಗುಲಾಗಿದ್ದಳು.

ಆಮೇಲೆ ಎಸ್‌ಟಿಡಿ ಬೂತುಗಳ ಕಾಲ ಬಂತು. ಬ್ಯಾಂಕಿನವರು ಸಾಲದ ಹಸುಗಳ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಿ ಗುರುತು ಮಾಡುತ್ತಿದ್ದರೆ, ಚಿಕ್ಕರಂಗಯ್ಯ ಬಾಯಿಮಾತಲ್ಲೇ ಗುರುತು ಕಟ್ಟಿ ಗಡಿ ದಾಟಿಸುತ್ತಿದ್ದರು. ಹೋದ ತಿಂಗಳೂ ಹಾಗೆಯೇ.

"ಮುನಿಸಾಮಿ, ಮೊದ್ಲು ಐಬು ಕೇಳು. ಬಲಗಡೇದು ನೀರಿಗಿಳಿಯಾಕೆ ಹಟ ಮಾಡ್ತದೆ. ಈಗ ಗುರ್ತು ಕೇಳು. ಎಡಗಡೇದು ಬೂದಿ ಬಣ್ಣ, ನಾಲ್ಕು ಹಲ್ಲು, ಕೊಂಬಿನ ತುದಿ ಒಳಕ್ಕೆ ಬಾಗೈತೆ, ಹಣೇಲಿ ಒಂಟಿ ಸುಳಿ..."

"ಮೀಟ್ರು ಓಡ್ತಾ ಐತೆ," ಎಂದು ಮಹಾಲಕ್ಷ್ಮಮ್ಮ ಅವರ ಅಂಗಿ ಜಗ್ಗಿದ್ದರು.

ಬರುವಾಗ ಬಸ್ಸಿನಲ್ಲಿ ಕೇಳಿದ್ದರು: "ಈ ಸುಳಿಗಿಳಿ ಎಲ್ಲ ನೀವು ನಂಬ್ತೀರಾ?"

"ನಾನು ನಂಬೋದು ಬುಡೋದು ಕಟ್ಕೊಂಡು ಏನಾಗ್ಬೇಕೇ? ಹೊಡ್ಕೊಂಡು ಹೋಗೋನು ನಂಬ್ತಾನಲ್ಲ. ಅವ್ನ ಭಯಾನೂ ಎತ್ತಿನ ಒಂದು ಅಂಗ ಇದ್ದಂಗೆ. ಬಚ್ಚಿಟ್ಟು ಮಾರಬಾರ್ದು."

*

ಮಹಾಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದರು.

"ಮುನಿಸಾಮಿ, ಎಡಗಡೆ ಎತ್ತಿಗೆ ಹೆಗಲಲ್ಲಿ ಸುಳಿ ಹುಟ್ಟೈತೆ. ಮೊನ್ನೆ ಕಂಡ್ರು. ನಿಂಗೆ ಫೋನ್ ಮಾಡ್ಬೇಕು ಅಂತಿದ್ರು, ಆಗ್ಲಿಲ್ಲ. ಹೋಗಿ ನೋಡು."

"ಅಯ್ಯೋ, ಅದಕ್ಕೇಯ ಯಜಮಾನ್ರನ್ನ ತಿಂದ್ಕೊಂಡಿರೋದು!" ಎಂದು ಮುದುಕಿಯೊಬ್ಬಳು ಎದೆ ಹೊಡೆದುಕೊಂಡಳು.

"ಸುಮ್ಕಿರವ್ವ. ಎಪ್ಪತ್ತು ದಾಟಿದ್ರು ಅವ್ರು. ಒಂದ್ ತಿಂಗಳ ಕೂದ್ಲು ಬೀಳ್ಸೋ ಅಂಥ ಆಳಲ್ಲ ನನ್ ಗಂಡ."

ಮುನಿಸಾಮಿ ಕೊಟ್ಟಿಗೆಗೆ ಹೋದ. ಎತ್ತಿನ ಹೆಗಲಿನ ಕೂದಲು ಬಿಡಿಸಿ ನೋಡುತ್ತ ಬಹಳ ಹೊತ್ತು ನಿಂತ. ಬಂದವನು ಅವರ ಮುಖ ನೋಡಲಿಲ್ಲ.

"ಬ್ಯಾಡಕ್ಕಾ. ಮನೇಲಿ ಅಪ್ಪ ಬದುಕವ್ರೆ. ಮನಸ್ಸು ಒಪ್ಪಲ್ಲ."

"ಸರಿ ಬುಡಪ್ಪ."

ಪುಟ್ಟರಂಗಯ್ಯ ಹಣೆ ಚಚ್ಚಿಕೊಂಡ. "ಬಾಗ್ಲಿಗೆ ಬಂದ ಗಿರಾಕಿ ಕಣತ್ಗೆ! ಊರೆಲ್ಲ ಕೇಳುಸ್ಕೊಂತು. ಇನ್ನು ಆ ಎತ್ತನ್ನ ಯಾವನ್ ಮುಟ್ತಾನೆ?"

"ಮುಟ್ಟದೋದ್ರೆ ನಮ್ಮನೇಲೇ ಇರ್ತದೆ. ನನಗಂತೂ ಇನ್ನು ಹೋಗೋ ಯಜಮಾನ ಇಲ್ವಲ್ಲ." ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವರ ದನಿ ಅಲ್ಲಿ ಒಂದಿಷ್ಟು ಒಡೆಯಿತು. ತಲೆ ಮಾತ್ರ ತಗ್ಗಲಿಲ್ಲ.

ಚೌಡಪ್ಪ ಎದ್ದು ನಿಂತ. "ಸುಮ್ಕಿರ್ಲಾ ಪುಟ್ಟರಂಗ. ಚಿಕ್ಕರಂಗ ಹೋದ, ಇನ್ಮೇಲೆ ಸಂತೇಲಿ ನಂದೇ ದರ್ಬಾರು ಅಂತ ನಾನೂ ಒಳಗೊಳಗೇ ಲೆಕ್ಕ ಹಾಕ್ತಿದ್ದೆ. ಎಲ್ಲೋಗವ್ನೆ ಅವ್ನು? ಇಲ್ಲೇ ಸೀರೆ ಉಟ್ಕೊಂಡು ನಿಂತವ್ನಲ್ಲ!"

ಅತ್ತು ಸಾಕಾದ ಅಂಗಳದಲ್ಲಿ ಸಣ್ಣಗೆ ನಗು ಹರಿಯಿತು. ಮಹಾಲಕ್ಷ್ಮಮ್ಮ ಗಂಡನ ಮುಖವನ್ನೊಮ್ಮೆ ನೋಡಿದರು.

"ಇನ್ಮೇಲೆ ಯಾರಿಗೆ ಫೋನ್ ಮಾಡ್ಲಿ ಅಕ್ಕಾ?" ಎಂದ ಮುನಿಸಾಮಿ.

"ಅದೇ ಬೂತಿಗೆ ಮಾಡು. ತಿಥಿ ಕಳೀಲಿ. ನಾನೇ ಬರ್ತೀನಿ."

ಅವನು ತಲೆಯಾಡಿಸಿ ಲಾರಿಯತ್ತ ನಡೆದ. ಹೊರಟೇ ಹೋದ ಎಂದು ಎಲ್ಲರೂ ಅಂದುಕೊಂಡರು. ಕ್ಯಾಬಿನ್ನಿಗೆ ಕೈಹಾಕಿ ಅವನು ಒಂದು ಜೊತೆ ಹೊಸ ಹಗ್ಗ ತೆಗೆದ. ಆ ಕಡೆ ಎತ್ತು ಮಾರಿದರೂ ಹಗ್ಗ ಮಾರುವುದಿಲ್ಲ. ಕೊಳ್ಳುವವನೇ ಹೊಸದು ತರಬೇಕು. ಬಿಳಿ ನೂಲಿನ ಹಗ್ಗ, ತುದಿಯಲ್ಲಿ ಕೆಂಪು ಉಣ್ಣೆಯ ದಪ್ಪ ಕುಚ್ಚು.

ಬಿದಿರಿಗೆ ಹುರಿ ಸುತ್ತುತ್ತಿದ್ದವರನ್ನು ಪಕ್ಕಕ್ಕೆ ಸರಿಸಿ, ಮುನಿಸಾಮಿ ಮೊಣಕಾಲೂರಿ ಕೂತು ಆ ಹಗ್ಗದಿಂದ ಚಟ್ಟವನ್ನು ತಾನೇ ಬಿಗಿದ. ಎತ್ತುವಾಗ ಮುಂದಿನ ಹೆಗಲು ಅವನದು, ಪಕ್ಕದ್ದು ಚೌಡಪ್ಪನದು.

ಹೆಣ ಬೇಲಿ ದಾಟಿ ಹೊಲದ ದಾರಿ ಹಿಡಿಯಿತು. ಮಹಾಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದರು. ತೆಂಗಿನ ಸಾಲಿನ ನಡುವೆ, ಚಟ್ಟದ ಎರಡೂ ಮಗ್ಗುಲಿಗೆ, ಕೆಂಪು ಕುಚ್ಚುಗಳು ಹೆಜ್ಜೆ ಹೆಜ್ಜೆಗೂ ತೂಗುತ್ತಿದ್ದವು.