ಏಡಿಯಣ್ಣನ ಗೇಟು

ಏಡಿಯಣ್ಣ ನೇರವಾಗಿ ನಡೆದದ್ದನ್ನು ಕಂಡವರು ನಮ್ಮ ಬಂದರಿನಲ್ಲಿ ಒಬ್ಬರೂ ಇರಲಿಲ್ಲ. ಎಡ ಭುಜವನ್ನು ಮುಂದೆ ಚಾಚಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಶತ್ರುಸೈನ್ಯದ ನಡುವೆ ನುಸುಳುವ ದಂಡನಾಯಕನಂತೆ ಅಡ್ಡಡ್ಡವಾಗಿ ಬರುತ್ತಿದ್ದರು. ಗೋದಾಮಿನಲ್ಲಿ ಸೂರಿನ ತನಕ ಒಟ್ಟಿದ ಚೀಲಗಳ ಸಂದಿಯಲ್ಲಿ ಇಪ್ಪತ್ತು ವರ್ಷ ಕಾವಲು ತಿರುಗಿದ ದೇಹ ಅದು. ಎರಡು ಲಾರಿ ಜೋಡಿಯಾಗಿ ಹೋಗುವ ರಸ್ತೆಯೂ ಅದಕ್ಕೆ ಇಕ್ಕಟ್ಟೇ. ಹೆಸರಿಟ್ಟವರು ಹಮಾಲರು. ಸಂಬಳದ ಪಟ್ಟಿಯಲ್ಲಿದ್ದ ಅಸಲಿ ಹೆಸರನ್ನು ಕೂಗಿದರೆ, ಕರೆದದ್ದು ಯಾರನ್ನೆಂದು ಅವರೇ ಹಿಂದೆ ತಿರುಗಿ ನೋಡುತ್ತಿದ್ದರು.

ನಾನು ಆಗ ಬಂದರಿನ ಕಚೇರಿಯಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಗೇಟಿನಲ್ಲಿ ಅವರ ಕೋಟಿನೆದುರು ನಿಲ್ಲಬೇಕಿತ್ತು. ಕೋಟಿನೆದುರು ಎಂದೇ ಹೇಳಬೇಕು. ಯಾವನೋ ಕಪ್ತಾನ ಬಿಟ್ಟುಹೋದ ಆ ನೀಲಿ ಕೋಟು ಎದುರಿಗಿದ್ದರೆ, ಏಡಿಯಣ್ಣ ಅದರೊಳಗೆ ಎಲ್ಲೋ ಇರುತ್ತಿದ್ದರು. ಐದು ಹಿತ್ತಾಳೆಯ ಗುಂಡಿ, ಆರನೆಯದು ತಲೆದಿಂಬಿನದು. ಆರನ್ನೂ ಒಂದೇ ಶ್ರದ್ಧೆಯಿಂದ ಉಜ್ಜುತ್ತಿದ್ದರು.

"ಹೆಸರು, ಬಂದ ಕಾರಣ, ಸಹಿ," ಎನ್ನುವರು ಗೇಟಿನ ಪುಸ್ತಕ ಮುಂದೆ ತಳ್ಳಿ, ಹನ್ನೊಂದು ವರ್ಷದಿಂದ ಕಂಡ ಮುಖಕ್ಕೆ.

"ಕಾರಣ ಏನಣ್ಣ, ಹೊಟ್ಟೆಪಾಡು."

"ಹಾಗೇ ಬರೀರಿ."

ಬರೆದಿದ್ದೇನೆ. ಅವರಿಗೆ ಬುತ್ತಿ ತರುವ ಅವರದೇ ಹೆಂಡತಿಗೂ ವಿನಾಯಿತಿ ಇರಲಿಲ್ಲ. ಆಕೆ ಒಂದು ದಿನ ಬೇಸತ್ತು, ಕಾರಣದ ಕೆಳಗೆ 'ನನ್ನ ಕರ್ಮ' ಎಂದು ಬರೆದಳು. ಏಡಿಯಣ್ಣ ಗಂಭೀರವಾಗಿ ಓದಿ, ಮುದ್ರೆಯೊತ್ತಿ, ಒಳಗೆ ಬಿಟ್ಟರು.

ಆ ವರ್ಷ, ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದಂಥ ದೂರದ ಜಲಸಂಧಿಯೊಂದರಲ್ಲಿ ಯುದ್ಧ ಹೊತ್ತಿಕೊಂಡಿತು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಚೀಲ ನಿಂತಿತು. ವಿಮೆಯವರು ದರ ಏರಿಸಿದರು. ಭದ್ರತೆಯ ಪ್ರಮಾಣಪತ್ರವಿಲ್ಲದ ಬಂದರಿಗೆ ಹಡಗು ಕಳಿಸೆವು ಎಂದು ಕಂಪನಿಗಳು ಬರೆದವು. ಇನ್ನೂರು ಹಮಾಲರ, ಹನ್ನೆರಡು ಗುಮಾಸ್ತರ ಅನ್ನ ಒಬ್ಬ ತಪಾಸಣಾಧಿಕಾರಿಯ ಪೆನ್ನಿನ ತುದಿಗೆ ಬಂದು ನಿಂತಿತು. ಮ್ಯಾನೇಜರು ಗೋಡೆಗಳಿಗೆಲ್ಲ ಸುಣ್ಣ ಹೊಡೆಸಿ, ಏಡಿಯಣ್ಣನನ್ನು ಕರೆಸಿದರು.

"ನಾಳೆ ಒಂದು ದಿನ ಆ ಪುಸ್ತಕ ಮುಚ್ಚಿಡು ಕಣಪ್ಪ. ಕಾರು ಬಂದ ಕೂಡಲೇ ಸಲಾಮು ಹೊಡಿ, ಗೇಟು ತೆಗಿ. ಅಷ್ಟೇ."

"ಆಗಲಿ ಸಾರ್," ಎಂದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾವು ಹೆದರಬೇಕಿತ್ತು.

ಮರುದಿನ ಕಾರು ಬಂತು. ಸಲಾಮು ಬಿತ್ತು. ಗೇಟು ತೆರೆಯಲಿಲ್ಲ. ಅಧಿಕಾರಿ ಉರಿಬಿಸಿಲಿಗೆ ಇಳಿದು, ಬೇರೆ ದಾರಿ ಕಾಣದೆ, ಪುಸ್ತಕದಲ್ಲಿ ಬರೆದರು.

"ತಪಾಸಣೆ ಅಂತ ಬರೆದಿದ್ದೀರಿ. ಯಾವುದರ ತಪಾಸಣೆ?"

"ಈ ಗೇಟಿಂದೇ ಕಣ್ರೀ."

"ಗೇಟು ನೋಡಿಯಾಯ್ತಲ್ಲ ಸಾರ್. ಇನ್ನು ಒಳಗೆ ಯಾಕೆ?"

ಮ್ಯಾನೇಜರು ಓಡೋಡಿ ಬಂದರು. ಬಂದ ರಭಸಕ್ಕೆ ಪಕ್ಕದ ಕಿರುಬಾಗಿಲು ದಾಟಿ ಹೊರಗೇ ಹೋಗಿಬಿಟ್ಟರು. ಮತ್ತೆ ಒಳಗೆ ಬರಲು ಅವರೂ ಹೆಸರು, ಕಾರಣ, ಸಹಿ ಹಾಕಬೇಕಾಯಿತು. ಕಿಟಕಿಯಲ್ಲಿ ನಿಂತಿದ್ದ ನಾವು, ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡೆವು.

ಹದಿನೈದು ದಿನಕ್ಕೆ ವರದಿ ಬಂತು. ಸುಣ್ಣದ ಮಾತೇ ಇರಲಿಲ್ಲ. ಗೇಟಿಗೆ ನೂರಕ್ಕೆ ನೂರು. ಪ್ರಮಾಣಪತ್ರ ಸಿಕ್ಕಿತು. ಹಮಾಲರು ಏಡಿಯಣ್ಣನನ್ನು ಹೆಗಲ ಮೇಲೆ ಹೊತ್ತು ಬಂದರಿನ ಉದ್ದಕ್ಕೂ ಮೆರೆಸಿದರು. ಅಲ್ಲಿಯೂ ಅವರು ಅಡ್ಡಡ್ಡವಾಗಿಯೇ ಕೂತಿದ್ದರು.

ಮೂರು ಹಡಗು ಬಂದವು. ನಾಲ್ಕನೆಯದು ಬರಲಿಲ್ಲ. ಖರ್ಚು ಉಳಿಸಲು ಕಂಪನಿಗಳು ಹತ್ತು ಹಡಗಿನ ಸರಕನ್ನು ಒಂದಕ್ಕೇ ತುಂಬುವುದನ್ನು ಕಲಿತಿದ್ದವು. ಆ ತೇಲುವ ಪರ್ವತಗಳಿಗೆ ನಮ್ಮ ಬಂದರಿನ ನೀರು ಮೊಣಕಾಲುದ್ದ. ಲೋಕದ ಅತ್ಯಂತ ಭದ್ರವಾದ ಗೇಟು ನಮ್ಮದಾಗಿತ್ತು, ಒಳಗೆ ಕಾಯಲು ಏನೂ ಉಳಿದಿರಲಿಲ್ಲ.

ನನ್ನ ಕೆಲಸ ಹೋಗಿ ವರ್ಷದ ಮೇಲೆ, ಹಳೆಯ ಕಾಗದವೊಂದು ಬೇಕಾಗಿ ಬಂದರಿಗೆ ಹೋದೆ. ಕೋಟು ಅಲ್ಲೇ ಇತ್ತು, ಆರು ಗುಂಡಿಯೂ ಹೊಳೆಯುತ್ತಿದ್ದವು. ಪುಸ್ತಕ ತೆರೆದರೆ, ಆ ತಿಂಗಳಿಡೀ ಒಂದೇ ಕೈಬರಹ: ಅವರ ಹೆಂಡತಿಯದು. ಕಾರಣ: ಊಟ. ಕರ್ಮದ ಸುದ್ದಿ ಇಲ್ಲ.

"ಇವಳೊಬ್ಬಳು ತಪ್ಪಿಸೋದಿಲ್ಲ ನೋಡಿ," ಎಂದರು.

ಗೋದಾಮಿನೊಳಗೆ ನನ್ನ ಮುಂದೆ ನಡೆದರು. ಬಟಾಬಯಲಾದ ನೆಲ; ಆದರೂ ಎಡ ಭುಜ ಮುಂದೆ, ಹೊಟ್ಟೆ ಒಳಗೆ, ಮೊದಲೆಲ್ಲ ಚೀಲಗಳ ಸಾಲು ಮುಗಿಯುತ್ತಿದ್ದ ಕಡೆ ತಿರುವು. ನಾಲ್ಕು ಹೆಜ್ಜೆಯ ಬಳಿಕ ನೋಡಿಕೊಂಡರೆ, ನಾನೂ ಭುಜ ತಿರುಗಿಸಿದ್ದೆ.

ಲೋಕದ ವ್ಯಾಪಾರ ಯಾವ ಕಡೆ ಹೊರಳುತ್ತದೆಂದು ಮೊದಲೇ ಅರಿತು ಹೊರಳುವ ಜಾಣರು ಎಲ್ಲ ಬಂದರುಗಳಲ್ಲೂ ಇರುತ್ತಾರೆ, ಅವರು ಚೆನ್ನಾಗಿಯೂ ಇರುತ್ತಾರೆ. ಏಡಿಯಣ್ಣನ ಜಾತಿಯವರು ಬೇರೆ: ಸರಕು ಹೋದ ಮೇಲೂ ಸರಕಿಗೆ ಜಾಗ ಬಿಟ್ಟು ನಡೆಯುವವರು.